ಕಂಡಕ್ಟರಮ್ಮನ ತೆರ್ರಾ

ಕಂಡಕ್ಟರಮ್ಮ ನಿವೃತ್ತಿಯಾದ ಮೇಲೆ ಸುಮ್ಮನೆ ಕೂರುವ ಜೀವವಲ್ಲ. ಬಸ್ಸಿನ ಆ ತುದಿಗೂ ಕೇಳುವ ಗಂಟಲು ಇತ್ತಲ್ಲ, ಹಾಡುವ ಗುಂಪಿಗೆ ಸೇರಿದಳು. ಅಲ್ಲಿ ಕಲಿಸುತ್ತಿದ್ದದ್ದು ಇಟಾಲಿಯನ್ ಹಾಡು. ಅದರಲ್ಲೊಂದು ಸಾಲು ಅವಳೊಬ್ಬಳದೇ. ಸಾಲಿನ ಕೊನೆಗೆ 'ತೆರ್ರಾ', ಎಂದರೆ ನೆಲ. 'ರ್ರಾ' ಎನ್ನುವಾಗ ನಾಲಿಗೆಯ ತುದಿ ಪಟಪಟನೆ ಅದುರಬೇಕು. ಆಗ ಅವಳ ಮೇಲ್ಸಾಲಿನಲ್ಲಿ ಒಂದು ಹಲ್ಲೂ ಇರಲಿಲ್ಲ. ಆದರೇನು, ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ ತೆರ್ರಾ ತೆರ್ರಾ ಎಂದು ಮನೆಯವರ ತಲೆ ತಿಂದು, ಕೊನೆಗೂ ಅದನ್ನು ಪಳಗಿಸಿದಳು.

ಅಷ್ಟರಲ್ಲಿ ಅಳಿಯ ಅಡ್ಡ ಬಂದ. ಕಟ್ಟುಹಲ್ಲು ಮಾಡುವುದೇ ಅವನ ಕಸುಬು. ಅತ್ತೆ ವೇದಿಕೆ ಹತ್ತುತ್ತಾಳೆಂದು ತಾನೇ ಅಚ್ಚು ತೆಗೆದು, ಮುತ್ತಿನಂಥ ಸೆಟ್ಟು ಕೂರಿಸಿದ. ನೋಡಲು ಚೆಂದವೇ. ಆದರೆ ಅಂಗುಳಕ್ಕೆ ಅಂಟಿದ ಅದರ ಪಟ್ಟಿಗೆ ನಾಲಿಗೆ ತಗುಲಿದ್ದೇ, 'ರ್ರಾ' ಅತ್ತ ಲ-ವೂ ಅಲ್ಲದ ಇತ್ತ ಳ-ವೂ ಅಲ್ಲದ ಸದ್ದಾಯಿತು.

"ಹಲ್ಲಿದ್ದೋರಿಗೆ ಕಡಲೆಯಿಲ್ಲ ಅಂತಾರಲ್ಲ, ಹಾಗಾಯ್ತು ನನ್ನ ಕಥೆ. ಸ್ವಲ್ಪ ತೆಳ್ಳಗೆ ಉಜ್ಜಿಕೊಡಿ, ಅಳಿಯಂದ್ರೇ."

"ತೆಳ್ಳಗೆ ಮಾಡಿದ್ರೆ ಮುರಿಯುತ್ತೆ, ಅತ್ತೆ. ಒಂದು ತಿಂಗಳು ಕಳೀಲಿ, ನಾಲಿಗೆ ಒಗ್ಗುತ್ತೆ."

ಕಾರ್ಯಕ್ರಮ ಇದ್ದದ್ದು ನಾಳಿದ್ದು.

ಕೊನೆಯ ಅಭ್ಯಾಸದಲ್ಲಿ ಹಾಡಿನ ಮೇಷ್ಟ್ರು ಕೈಯೆತ್ತಿ ನಿಲ್ಲಿಸಿದರು. "ಆ ಸಾಲಿಗೆ ನೀವು ಬರೀ ತುಟಿ ಆಡಿಸಿ ಸಾಕಮ್ಮ. ಪಕ್ಕದವರು ಹಾಡ್ತಾರೆ."

ಬರೀ ತುಟಿ! ಅವಳ ಮೈಯೆಲ್ಲ ಉರಿದುಹೋಯಿತು. ಆಯಸ್ಸಿಡೀ ರೈಟ್ ರೈಟ್ ಎಂದು ಕೂಗಿ ಬಸ್ಸು ಹೊರಡಿಸಿದವಳು ಈಗ ಮೀನಿನ ಹಾಗೆ ಬಾಯಿ ಬಿಡಬೇಕೇ? ಹಲ್ಲು ತೆಗೆದಿಟ್ಟೇ ಹಾಡುತ್ತೇನೆ ಎಂದು ಮನೆಯಲ್ಲಿ ಸಾರಿದಳು.

"ಬೊಚ್ಚುಬಾಯಲ್ಲಿ ನಿಂತ್ರೆ ಇವರ ಮರ್ಯಾದೆ ಏನಾಗ್ಬೇಕಮ್ಮಾ?" ಮಗಳು ರೇಗಿದಳು. "ಹಲ್ಲು ಕಟ್ಟೋರ ಅತ್ತೆಗೇ ಹಲ್ಲಿಲ್ಲ ಅಂತ ಜನ ನಗಲ್ವಾ?"

ಅಳಿಯನ ಮುಖ ಸಣ್ಣದಾಯಿತು. ಅದನ್ನು ನೋಡಿ ಕಂಡಕ್ಟರಮ್ಮನಿಗೂ ಸಂಕಟವಾಯಿತು. ಹಲ್ಲು ಹಾಕಿಕೊಂಡೇ ಹೋದಳು.

ಸಣ್ಣ ಸಭಾಂಗಣ, ಮೊಣಕಾಲೆತ್ತರದ ವೇದಿಕೆ. ಮುಂದಿನ ಸಾಲಿನಲ್ಲೇ ಅಳಿಯ. ಅವಳ ಸಾಲು ಹತ್ತಿರವಾದಂತೆ ಮೇಷ್ಟ್ರು ಅವಳತ್ತ ನೋಡಿ ತುಟಿಯ ಮೇಲೆ ಬೆರಳಿಟ್ಟರು. ಪಕ್ಕದವಳು ಉಸಿರು ತುಂಬಿಕೊಂಡಳು.

ಅಷ್ಟೇ ಸಾಕಾಯಿತು. ಪಿಯಾನೊ ಒಂದು ಸುತ್ತು ನುಡಿಯುವಷ್ಟರಲ್ಲಿ ಕಂಡಕ್ಟರಮ್ಮ ಮುಂದೆ ಬಂದು, ಸೆಟ್ಟು ಕಿತ್ತು, ಬಗ್ಗಿ ಅಳಿಯನ ಅಂಗೈಯಲ್ಲಿಟ್ಟಳು.

"ಹಿಡ್ಕೊಳ್ಳಿ ಅಳಿಯಂದ್ರೇ. ಹಲ್ಲು ನಿಮ್ದು. ನಾಲಿಗೆ ನನ್ದು."

ಆಮೇಲೆ ಎದ್ದ ತೆರ್ರಾ ಹಿಂದಿನ ಬಾಗಿಲು ದಾಟಿ ಬೀದಿಗಿಳಿಯಿತು.