ಒಂದು ಚೂರು ಅಸಲಿ

ಮೊಂಡಿ ಎಂದರೆ ಲಾಂಡ್ರಿಯಲ್ಲಿ ಎಲ್ಲರಿಗೂ ಗೊತ್ತು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು. ಆಸ್ಪತ್ರೆಗಳಿಂದ ಬಂದ ಹಾಸಿಗೆ ಬಟ್ಟೆಗಳನ್ನು ಹಬೆಯ ರೋಲರಿಗೆ ಕೊಟ್ಟು ಇಸ್ತ್ರಿ ಮಾಡುವುದು ಅವಳ ಕೆಲಸ. ಯಾರು ಏನೇ ಹೇಳಲಿ, ಮೊದಲು "ಯಾಕೆ?" ಎನ್ನುವುದು ಅವಳ ಸ್ವಭಾವ.

ಅರ್ಧ ಸಂಬಳವನ್ನು ಕ್ರಿಪ್ಟೊ ನಾಣ್ಯದಲ್ಲಿ ಕೊಡುತ್ತೇವೆ ಎಂದು ಕಂಪನಿ ಹೇಳಿದಾಗಲೂ ಯಾಕೆ ಎಂದಳು. ಉತ್ತರ ಬರಲಿಲ್ಲ, ನಾಣ್ಯ ಮಾತ್ರ ಫೋನಿಗೆ ಬಂತು. ಆಮೇಲೆ ಕಂಪನಿ ಇನ್ನೊಂದು ಆಟ ಹೂಡಿತು. ಆ ಅಸಲಿ ನಾಣ್ಯವನ್ನು ಒಂದು ಪೆಟ್ಟಿಗೆಗೆ ಹಾಕಿ, ಅಷ್ಟೇ ಬೆಲೆಯ 'ರ‍್ಯಾಪ್ಡ್ ಟೋಕನ್' ಪಡೆಯಿರಿ, ಕ್ಯಾಂಟೀನಿನಲ್ಲಿ ರಿಯಾಯಿತಿ ಉಂಟು. ಕೋಟು ಒಗೆಯಲು ಕೊಟ್ಟವರಿಗೆ ಕೌಂಟರಿನಲ್ಲಿ ಚೀಟಿ ಕೊಡುತ್ತಾರಲ್ಲ, ಹಾಗೆ. ಚೀಟಿ ಮರಳಿಸಿದರೆ ಕೋಟು ವಾಪಸ್.

ಮೊಂಡಿಯೊಬ್ಬಳನ್ನು ಬಿಟ್ಟು ಲಾಂಡ್ರಿಯ ಹೆಂಗಸರೆಲ್ಲ ಕೊನೆಯ ಚೂರನ್ನೂ ಉಳಿಸದೆ ಹಾಕಿದರು. ಎಲ್ಲರನ್ನೂ ಹುರಿದುಂಬಿಸಿದವಳು ಮೊಂಡಿಯ ನಾದಿನಿ, ಬಟ್ಟೆ ಮಡಿಸುವ ಮೇಜಿನವಳು.

"ಚೀಟಿ ಹೊದ್ಕೊಂಡು ಚಳಿ ಕಳೀತೀಯೇನೇ?" ಎಂದಿದ್ದಳು ಮೊಂಡಿ.

"ನಿಮ್ಮ ತಲೆಗೆ ರೋಲರ್ ಹಾಯಿಸಿದ್ರೂ ಸುಕ್ಕು ಹೋಗಲ್ಲ ಅತ್ತಿಗೆ!"

ಇಡೀ ಲಾಂಡ್ರಿ ನಕ್ಕಿತ್ತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಈಗ ಮ್ಯಾನೇಜರ್ ಕಾಗದದ ಕಟ್ಟು ಹಿಡಿದು ಬಂದಿದ್ದ. "ಇವತ್ತಿಂದ ಪಾಳಿ ಒಂದು ಗಂಟೆ ಜಾಸ್ತಿ. ಸಂಜೆ ಸೈರನ್ ಒಳಗೆ ಸಹಿ ಹಾಕಿ. ಹಾಕಿದವರ ಟೋಕನ್ ಬಿಡಿಸಿ ಅಸಲಿ ಕೊಡ್ತೀವಿ. ಹಾಕದವರದು... ನೋಡೋಣ."

ಫೋನು ತೆರೆದರೆ, ಕಂಪನಿಯ ಆ್ಯಪಿನಲ್ಲಿ ಟೋಕನ್ ಬಿಡಿಸುವ ಬಟನ್ನೇ ಮಾಯ. ದುಡಿದದ್ದು ಇವರು, ಬಿಗಿ ಹಿಡಿದದ್ದು ಅವರು. ಮಕ್ಕಳ ಶಾಲೆ, ಮನೆ ಬಾಡಿಗೆ ಎಲ್ಲ ಆ ಪೆಟ್ಟಿಗೆಯೊಳಗೆ. ಅಷ್ಟು ಹೊತ್ತಿಗೇ ಇಬ್ಬರು ಪೆನ್ನು ಹುಡುಕತೊಡಗಿದ್ದರು.

ನಾದಿನಿಗೆ ಮಾತ್ರ ಮೈ ಉರಿಯಿತು. ಊಟದ ಬಿಡುವಿನಲ್ಲಿ ಫೋನಿಗೆ ಕಣ್ಣು ನೆಟ್ಟು ಕೂತವಳು ಒಂದು ಸಂಗತಿ ಹೊರಗೆಳೆದಳು. ಕಂಪನಿ ತೆಗೆದದ್ದು ತನ್ನ ಪರದೆಯ ಮೇಲಿನ ಬಟನ್ನನ್ನು ಮಾತ್ರ. ಪೆಟ್ಟಿಗೆ ಇರುವುದು ಬ್ಲಾಕ್‌ಚೈನ್ ಎಂಬ, ಎಲ್ಲರಿಗೂ ಕಾಣುವ ಲೆಕ್ಕದ ಸರಪಳಿಯ ಮೇಲೆ. ಟೋಕನ್ ಮರಳಿಸುವ ಯಾರಿಗೇ ಆಗಲಿ ಅದು ತೆರೆಯಲೇಬೇಕು. ಕಟ್ಟಿದ ಕಂಪನಿಗೂ ಅದಕ್ಕೆ ಬೀಗ ಹಾಕಲು ಬರುವುದಿಲ್ಲ. ಅವಳು ನೇರವಾಗಿ ಅಲ್ಲಿಗೇ ಹೋಗಿ ಒತ್ತಿದಳು. ಪರದೆ ಹೇಳಿತು: ಶುಲ್ಕಕ್ಕೆ ಅಸಲಿ ನಾಣ್ಯ ಸಾಲದು.

ಸಾಲುವುದೇನು, ಒಂದು ಕಣವೂ ಇರಲಿಲ್ಲ. ಬಿಡಿಸುವ ಶುಲ್ಕವನ್ನು ಅಸಲಿಯಲ್ಲೇ ಕಟ್ಟಬೇಕು. ಅಸಲಿಯನ್ನೆಲ್ಲ ಪೆಟ್ಟಿಗೆಗೆ ಸುರಿದಾಗಿತ್ತು. ಹೊರಗೆ ಕೊಳ್ಳೋಣವೆಂದರೆ ಗುರುತಿನ ತಪಾಸಣೆಗೇ ಎರಡು ದಿನ.

"ಶುಲ್ಕ ಬೇಕಾ? ಕಂಪನಿ ಕೊಡತ್ತೆ," ಎಂದ ಮ್ಯಾನೇಜರ್, ಬಿಡುವು ಮುಗಿದು ಯಂತ್ರಗಳು ಶುರುವಾಗುತ್ತಲೇ ಪೆನ್ನು ಚಾಚಿ. "ಸಹಿ ಹಾಕಿ."

ನಾದಿನಿ ಆ ಪೆನ್ನನ್ನು ನೋಡಿದಳು. ನಂತರ ಹಬೆಯ ಆಚೆ ನಿಂತ ಅತ್ತಿಗೆಯನ್ನು ನೋಡಿದಳು. ನಡೆದಳು.

"ಅತ್ತಿಗೆ, ನಿಮ್ಮ ಅಸಲಿ ಹಾಗೇ ಇದೆಯಾ?"

"ಇದೆ. ಸುಕ್ಕಿನ ತಲೆಯವಳ ಹತ್ರ ಇನ್ನೇನಿರುತ್ತೆ?"

"ಒಂದು ಚೂರು ಬೇಕು."

"ಮೊದಲು ಬೈದು ಮುಗಿಸ್ತೀನಿ, ಆಮೇಲೆ ಕೊಡ್ತೀನಿ."

"ಬೈಯಿರಿ. ಬೇಗ ಬೈಯಿರಿ, ಹೊತ್ತಾಗತ್ತೆ."

ಮೊಂಡಿ ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರ್ ನಡುವೆ ಬಂದು ದನಿ ತಗ್ಗಿಸಿದ. "ನಿಂದೇನೂ ಸಿಕ್ಕಿಹಾಕ್ಕೊಂಡಿಲ್ವಲ್ಲ. ನಿಂಗೊಬ್ಬಳಿಗೆ ಹಳೇ ಪಾಳಿನೇ ಇರಲಿ, ಬರೆದು ಕೊಡ್ತೀನಿ. ಇದರಲ್ಲಿ ತಲೆ ಹಾಕಬೇಡ."

ಹಳೇ ಪಾಳಿ! ನಿಂತು ನಿಂತು ಮೊಣಕಾಲು ನೋಯುವ ತನಗೆ ಆ ಒಂದು ಗಂಟೆ ಎಂಥದೆಂದು ಮೊಂಡಿಗೆ ಗೊತ್ತಿತ್ತು. ತನ್ನನ್ನು ನೋಡಿ ನಕ್ಕ ಮುಖಗಳೂ ಎದುರಿಗೇ ಇದ್ದವು. ಅವಳು ರೋಲರಿನ ಕೆಂಪು ಗುಂಡಿ ಒತ್ತಿದಳು. ಯಂತ್ರ ನಿಟ್ಟುಸಿರು ಬಿಟ್ಟು ನಿಂತಿತು.

"ಯಾಕೆ?" ಎಂದಳು.

"ಏನು ಯಾಕೆ?"

"ನನಗೊಬ್ಬಳಿಗೇ ಯಾಕೆ?"

ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ.

ಮೊಂಡಿ ಏಪ್ರನ್ನಿಗೆ ಕೈ ಒರೆಸಿ ಫೋನು ತೆಗೆದಳು. ಒಂದು ಚೂರು ನಾದಿನಿಯ ಫೋನಿಗೆ ಹೋಯಿತು. ನಾದಿನಿ ಒತ್ತಿದಳು, ಟೋಕನ್ ಅಳಿದು ಅವಳ ಅಸಲಿ ಅವಳಿಗೆ ಮರಳಿತು, ಇಡಿಯಾಗಿ. "ಬಂತು!" ಎಂದು ಕಿರುಚಿದವಳು, ಕುಣಿಯದೆ, ಪಕ್ಕದ ಮೇಜಿನವಳಿಗೆ ತನ್ನದರಿಂದ ಒಂದು ಚೂರು ಕಳಿಸಿದಳು. ಅವಳು ಬಿಡಿಸಿಕೊಂಡು ಒಗೆಯುವ ಕಡೆಯವಳಿಗೆ ಕೊಟ್ಟಳು. ಒಲೆ ಹಚ್ಚಲು ಪಕ್ಕದ ಮನೆಯಿಂದ ಕೆಂಡ ಕೇಳಿ ತರುವ ಹಾಗೆ ಚೂರು ಕೈಯಿಂದ ಕೈಗೆ ಹೋಯಿತು. ಬಿಡಿಸಿಕೊಂಡವರು ಒಬ್ಬೊಬ್ಬರಾಗಿ ತಮ್ಮ ಯಂತ್ರ ನಿಲ್ಲಿಸಿದರು.

"ಕೆಲಸದ ವೇಳೆಯಲ್ಲಿ ಫೋನಾ? ಮೇಸ್ತ್ರಿ, ಎಲ್ಲಾ ಕಿತ್ಕೋ!" ಎಂದು ಮ್ಯಾನೇಜರ್ ಗದರಿದ.

ಇವರ ಮೇಲೆ ಕಣ್ಣಿಡಲೆಂದೇ ನೇಮಿಸಿದ ಮೇಸ್ತ್ರಿ ದಾಪುಗಾಲಿಟ್ಟು ನಾದಿನಿಯ ಮೇಜಿಗೆ ಬಂದ. ಸುತ್ತಲಿನವರು ಫೋನುಗಳನ್ನು ಏಪ್ರನ್ನಿನೊಳಗೆ ತುರುಕಿದರು. ಅವನು ಜೇಬಿಗೆ ಕೈ ಹಾಕಿ ತನ್ನದೇ ಫೋನು ತೆಗೆದ.

"ತಂಗೀ, ನಂದೂ ಒಳಗೇ ಇದೆ. ಒಂದು ಚೂರು..."

"ಸಾಲಲ್ಲಿ ನಿಂತ್ಕೊಳ್ಳಪ್ಪಾ," ಎಂದಳು ಮೊಂಡಿ. ಮ್ಯಾನೇಜರನ ಕಡೆ ತಿರುಗಿದಳು. "ಸಾರ್, ನಿಮ್ದೂ ಅದರಲ್ಲೇ ಇದ್ರೆ ನಾಚ್ಕೋಬೇಡಿ."

ಈ ಸಲದ ನಗೆ ಅವಳ ಮೇಲಿನದಾಗಿರಲಿಲ್ಲ.

ಸಂಜೆಯ ಸೈರನ್ ಕೂಗಿತು. ಹೊಸ ಪಾಳಿಯ ಲೆಕ್ಕದಲ್ಲಿ ಅದು ಇನ್ನೂ ಕೆಲಸದ ಹೊತ್ತು. ಪೆನ್ನು ಹುಡುಕಿದ್ದ ಇಬ್ಬರೇ ಎಲ್ಲರಿಗಿಂತ ಮೊದಲು ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿದರು.

"ನಾಳೆ ಬಾಗಿಲು ತೆಗಿಯಲ್ಲ!" ಎಂದು ಮ್ಯಾನೇಜರ್ ಅರಚಿದ.

"ಆಸ್ಪತ್ರೆ ಬಟ್ಟೆ ನೀವೇ ಒಗೀತೀರಾ ಸಾರ್?" ಯಾರೋ ಕೇಳಿದರು. "ಸೋಡಾ ಜಾಸ್ತಿ ಹಾಕಬೇಡಿ, ಕೈ ಸುಡತ್ತೆ."

ಸಹಿಯಿಲ್ಲದ ಕಾಗದಗಳು ಒದ್ದೆ ಮೇಜಿನ ಮೇಲೆ ಅಂಟಿ ಕೂತವು. ಗೇಟಿನವರೆಗೂ ನಾದಿನಿ ಅತ್ತಿಗೆಯ ಬಗಲಲ್ಲೇ ನಡೆದಳು.

"ಅತ್ತಿಗೆ, ಬೈಯೋದು ಬಾಕಿ ಉಳೀತು."

"ಮನೆಗೆ ಬಾ. ಇವತ್ತು ಒಂದು ಗಂಟೆ ಪೂರ್ತಿ ಇದೆ."