ಸಂತೆ ದಿನದ ಏಳು ಕುರ

ಸೂಜಿ ಕುದಿಸಲು ದಿನಕ್ಕೆ ಒಂದು ಲೀಟರ್ ಸೀಮೆಎಣ್ಣೆ ಸಾಕು. ಚುಚ್ಚಿದ ಜಾಗ ಕುರವಾಗಿ ಕೀವು ತುಂಬಿದರೆ ಖರ್ಚು ಬೇರೆ. ಕಟ್ಟು ಬದಲಿಸಲು ನಾಲ್ಕು ಸಲ ಬಂದುಹೋಗುವ ಬಸ್ಸಿಗೆ ಮೂವತ್ತೆರಡು ರೂಪಾಯಿ. ಮಲ್ಲಿಗೆ ಬಿಡಿಸುವ ಹತ್ತು ದಿನದ ಕೂಲಿ ಹೋದರೆ ಇನ್ನೂರು.

ಹಡಗಲಿ ಕಡೆಯ ಆ ಸಣ್ಣ ಆಸ್ಪತ್ರೆಯಲ್ಲಿ ಹಿರಿಯ ನರ್ಸ್ ಗಂಗಾಂಬಿಕಾ ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು ಹೊಸ ನರ್ಸುಗಳಿಗೆ ಪಾಠ ಶುರು ಮಾಡಿದ್ದರು. ಅದು ತೊಂಬತ್ತಾರರ ಬೇಸಿಗೆ.

"ಬಿಸಲಿಗೆ ಆತು, ಮೈನಂಜಿಗೆ ಆತು ಅನ್ನಬ್ಯಾಡ್ರಿ. ಎರಡು ತಿಂಗಳು ಬರೀರಿ. ಯಾರಿಗೆ, ಯಾವತ್ತು, ಯಾರು ಚುಚ್ಚಿದ್ರು. ಲೆಕ್ಕ ಏನು ಹೇಳತೈತಿ ನೋಡಿ, ಆಮ್ಯಾಲೆ ಬಾಯಿ ಬಿಡ್ರಿ."

ಈ ಕೆಲಸ ಚೆನ್ನಾಗಿ ನಡೆದರೆ ಗಂಗಾಂಬಿಕಾ ಅವರನ್ನು ತರಬೇತಿ ಕೊಡಲು ಹರಪನಹಳ್ಳಿಗೆ ಕಳಿಸುವಂತೆ ಬರೆಯುತ್ತೇನೆಂದು ಡಾಕ್ಟರ್ ಅರುಣಕುಮಾರ್ ಹೇಳಿದ್ದರು. ಗಂಗಾಂಬಿಕಾ ಅವರ ಮಗಳು ಗೀತಾಂಜಲಿ ಇದ್ದದ್ದು ಅಲ್ಲೇ. ಲೆಕ್ಕ ಮುಗಿಯುವ ಹೊತ್ತಿಗೆ ಎಂಟು ತಿಂಗಳ ಬಸುರಿ. ಕಾಲು ಬಾತಿವೆ ಎಂದು ಕಾಗದ ಬರೆದಿದ್ದಳು.

ಎರಡು ತಿಂಗಳು ಮುಗಿದ ಮರುದಿನ ಸಂತೆ. ಮಧ್ಯಾಹ್ನ ಡಾಕ್ಟರು ಲೆಕ್ಕ ನೋಡುವವರಿದ್ದರು. ಬೆಳಿಗ್ಗೆಯೇ ಕಿರಿಯ ನರ್ಸ್ ಕೀರ್ತನಾ ಹಾಳೆ ತಂದು ಮೇಜಿನ ಮೇಲಿಟ್ಟಳು. ಒಟ್ಟು ಒಂಬತ್ತು ಕುರ. ಏಳು ಸಂತೆ ದಿನ ಚುಚ್ಚಿದವು. ಸಂತೆ ದಿನ ಸೂಜಿ ಕೋಣೆ ಗಂಗಾಂಬಿಕಾ ಅವರದೇ.

"ಸಂತಿ ದಿನ ಮಂದಿ ಜಾಸ್ತಿ. ಕುರಾನೂ ಜಾಸ್ತಿ," ಎಂದರು.

"ಅದನ್ನೂ ಎಣಿಸೀನ್ರಿ ಅಕ್ಕಾರ. ಸಂತಿ ದಿನ ನೂರಾ ಎಪ್ಪತ್ತೈದು ಮಂದಿಗೆ ಏಳು. ಉಳಿದ ದಿನ ಐನೂರಕ್ಕ ಎರಡು." ಕೀರ್ತನಾ ತಲೆ ತಗ್ಗಿಸಿದಳು. "ಬೇಕಾದ್ರ ಯಾರು ಚುಚ್ಚಿದ್ರು ಅನ್ನೋದನ್ನ ಬಿಟ್ಟು ಬರೀತೀನ್ರಿ."

ಹಾಳೆ ಅಲ್ಲೇ ಬಿಟ್ಟು ಗಂಗಾಂಬಿಕಾ ಸೂಜಿ ಕೋಣೆಗೆ ಹೋದರು. ಹೊರಗೆ ಸಾಲು ಬಾಗಿಲು ದಾಟಿತ್ತು. ಮುಂದೆ ನಿಂತಿದ್ದ ಮೈಲಮ್ಮ ಹೂವಿನ ಬುಟ್ಟಿ ಕೆಳಗಿಟ್ಟು ಕೂಗಿದಳು: "ಸಿಸ್ಟ್ರಮ್ಮಾ, ಸೂಜಿ ಕುದಸಾಕತ್ತೀರೋ ಬ್ಯಾಳಿ ಕುದಸಾಕತ್ತೀರೋ? ಬಸ್ ಹೋತಂದ್ರ ನೀವ ಹೊತ್ಕಂಡು ಹೋಗ್ತೀರೇನು?"

ಸಾಲೆಲ್ಲ ನಕ್ಕಿತು. ಪಾತ್ರೆಯಲ್ಲಿ ಸೂಜಿಗಳು ಹದಿನೈದು ನಿಮಿಷದಿಂದ ಕುದಿಯುತ್ತಿದ್ದವು. ಇಪ್ಪತ್ತು ತುಂಬಲು ಇನ್ನು ಐದು ನಿಮಿಷ. ಗಂಗಾಂಬಿಕಾ ಬಳಸಿದ ನಾಲ್ಕು ಸೂಜಿ ತೊಳೆದು ಅದೇ ನೀರಿಗೆ ಹಾಕಿದರು. ಐದು ನಿಮಿಷಕ್ಕೆ ಗಡಿಯಾರ ನೋಡಿ ಚಿಮಟ ಎತ್ತಿದರು. ಮೊದಲು ತುದಿಗೆ ಸಿಕ್ಕದ್ದು ಕೊನೆಗೆ ಹಾಕಿದ ಸೂಜಿ.

ಕೈ ಅಲ್ಲೇ ನಿಂತಿತು. ಇಪ್ಪತ್ತು ನಿಮಿಷ ತುಂಬಿದ್ದು ಮೊದಲಿನ ಸೂಜಿಗಳಿಗೆ. ಇದು ಕುದಿದದ್ದು ಐದೇ ನಿಮಿಷ. ಹನ್ನೊಂದು ವರ್ಷ ಪ್ರತಿ ಸಂತೆಯಲ್ಲೂ ಅವರು ಹೀಗೇ ಮಾಡಿದ್ದರು.

"ಇನ್ನೂ ಇಪ್ಪತ್ತು ನಿಮಿಷ ಆಗತೈತಿ," ಎಂದು ಸಾಲಿಗೆ ಹೇಳಿದರು. ಬೈಗುಳ ಕೇಳಿಸಿತು. ಮೈಲಮ್ಮ ಬುಟ್ಟಿ ಎತ್ತಿಕೊಂಡು ಹೊರಟೇಹೋದಳು.

ಮಧ್ಯಾಹ್ನ ಡಾಕ್ಟರು ಹಾಳೆ ಕೈಗೆ ತೆಗೆದುಕೊಳ್ಳುವ ಮೊದಲೇ ಗಂಗಾಂಬಿಕಾ ಹೇಳಿದರು: "ಈ ಏಳೂ ನನ್ನವ್ರಿ ಸಾರ್. ಹೆಂಗಾತು ಅನ್ನೋದೂ ಹೇಳ್ತೀನಿ."

ಡಾಕ್ಟರು ಪೂರ್ತಿ ಕೇಳಿದರು. ಎರಡನೇ ಪಾತ್ರೆ, ಎರಡನೇ ಸ್ಟವ್ ತರಿಸಿದರು. ಹರಪನಹಳ್ಳಿಗೆ ಬರೆಯಬೇಕಾದ ಪತ್ರದ ಮಾತು ಎತ್ತಲಿಲ್ಲ.

ಮುಂದಿನ ಎರಡು ತಿಂಗಳಲ್ಲಿ ಆದದ್ದು ಒಂದೇ ಕುರ. ತರಬೇತಿ ಕೊಡಲು ಬೇರೆಯವರು ಹೋದರು. ಗೀತಾಂಜಲಿ ಹೆರುವಾಗ ತಾಯಿ ಹತ್ತಿರ ಇರಲಿಲ್ಲ. ಮೊಮ್ಮಗಳ ಮುಖ ನೋಡಿದ್ದು ಹನ್ನೆರಡನೆಯ ದಿನ.