ಸಿಹಿಸಂಹಾರ ಚೂರ್ಣ ಮತ್ತು ಶಿವಬಸವ್ವನ ಗುಳಿಗೆ

ಹಿರೇಕೆರೂರಿನ ಬೀಜ-ಗೊಬ್ಬರದ ಅಂಗಡಿಯ ಮೇಲಿನ ಕೋಣೆಯೇ ಕೇಬಲ್ ಚಾನೆಲ್ಲಿನ ಸ್ಟುಡಿಯೋ. ಅಲ್ಲಿ ದಿನಾ ಮುಂಜಾನೆ ರೇಷ್ಮೆ ಸೀರೆ ಉಟ್ಟು, ತುಟಿಗೆ ಬಣ್ಣ ಬಳಿದುಕೊಂಡು ಐಶ್ವರ್ಯ ನೇರಪ್ರಸಾರದಲ್ಲಿ ಸಿಹಿಸಂಹಾರ ಚೂರ್ಣ ಮಾರುತ್ತಿದ್ದಳು. ಓದಿದ್ದು ಬಿ.ಕಾಂ. ಸಕ್ಕರೆ ಕಾಯಿಲೆ ಮೈಯ ಯಾವ ಮೂಲೆಯಲ್ಲಿ ಹುಟ್ಟುತ್ತದೆಂದು ಅವಳಿಗೆ ದೇವರಾಣೆಗೂ ಗೊತ್ತಿರಲಿಲ್ಲ. ಆದರೂ ಡಬ್ಬಿ ಎತ್ತಿ ಹಿಡಿದು, "ಒಂದು ಚಮಚ ಸಾಕು, ಗುಳಿಗೆಗಳನ್ನು ಇವತ್ತೇ ಮರೆತುಬಿಡಿ!" ಎಂದು ನಕ್ಕರೆ ಫೋನುಗಳು ಬಡಿದುಕೊಳ್ಳುತ್ತಿದ್ದವು. ಮಾತು ಬರೆದುಕೊಟ್ಟವನು ಚಾನೆಲ್ಲಿನ ಮಾಲೀಕ ಮೃತ್ಯುಂಜಯ. ಅವನು ಓದಿದ್ದು ಅದಕ್ಕಿಂತಲೂ ಕಡಿಮೆ.

ಹೇಳಿದ್ದು ಊರ ಮಂದಿಗೆ. ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವಳು ಮಾತ್ರ ಐಶ್ವರ್ಯಳದೇ ಮನೆಯ ಅಜ್ಜಿ. ಶಿವಬಸವ್ವ ಸಕ್ಕರೆ ಕಾಯಿಲೆಯ ಗುಳಿಗೆ ಬಿಟ್ಟು, ಅವನ್ನು ಅಕ್ಕಿ ಡಬ್ಬಿಯಲ್ಲಿ ಮುಚ್ಚಿಟ್ಟು ವಾರವಾಗಿತ್ತು. ಒಂದು ದಿನ ನಳದ ಹತ್ತಿರ ಕಣ್ಣಿಗೆ ಕತ್ತಲೆ ಬಂದು ಕೊಡದ ಸಮೇತ ಕುಸಿದಳು. ಐಶ್ವರ್ಯ ಓಡಿಬಂದು ಅವಳನ್ನು ಎಬ್ಬಿಸಿ ಕೂರಿಸಿದಳು.

"ಆಯೀ, ಆ ಚೂರ್ಣ ಬರೇ ಮೆಂತ್ಯಾ ಪುಡಿ. ನಾ ಹೇಳಿದ್ದೆಲ್ಲಾ ಸುಳ್ಳು. ಗುಳಿಗಿ ನುಂಗು, ನಿನ್ನ ಕಾಲಿಗೆ ಬೀಳ್ತೇನಿ."

"ಟೀವ್ಯಾಗ ಸುಳ್ಳು ಹೇಳಿದ್ರ ಸರಕಾರದವ್ರು ಸುಮ್ನ ಬಿಡ್ತಾರೇನ?"

"ಹೇಳಿದಾಕಿ ನಾನ ಅಲ್ಲೇನ?"

"ಅಲ್ಲಿ ನಿನ್ನ ಮಾರಿ ನೋಡಬೇಕವಾ, ಏನ್ ಕಳಾ! ಇಲ್ಲಿ ನೈಟಿ ಹಾಕ್ಕೊಂಡು, ಕೂದ್ಲಾ ಕೆದರ್ಕೊಂಡು ಹೇಳಿದ್ರ ಯಾರ್ ಕೇಳ್ತಾರ?"

ಡಾಕ್ಟರರು ಫೋನಿನಲ್ಲಿ ಗದರಿಸಿದ್ದೂ ನಡೆಯಲಿಲ್ಲ. ಅವರೇನು ಟೀವಿಯಲ್ಲಿ ಬಂದವರೇ?

ಮರುದಿನ ಡಬ್ಬಿ ಎತ್ತಿ ಹಿಡಿದ ಐಶ್ವರ್ಯ ಬಾಯಿಪಾಠ ಬಿಟ್ಟು ಬೇರೆಯೇ ಶುರುಮಾಡಿದಳು. "ಈ ಪುಡೀಲೆ ಸಕ್ಕರಿ ಬ್ಯಾನಿ ಹೋಗಂಗಿಲ್ಲರಿ! ಡಾಕ್ಟರು ಕೊಟ್ಟ ಗುಳಿಗಿ ಬಿಡಬ್ಯಾಡ್ರಿ. ಅಕ್ಕಿ ಡಬ್ಬ್ಯಾಗ ಮುಚ್ಚಿಟ್ಟವ್ರು ಈಗಿಂದೀಗ ತಗೀರಿ!"

ಕ್ಯಾಮರಾದ ಹಿಂದೆ ಮೃತ್ಯುಂಜಯ ಎರಡೂ ಕೈ ಬೀಸಿ ಕುಣಿದಾಡಿದ. ಅಷ್ಟರಲ್ಲಿ ಯಾರೋ ಮುದುಕನ ಫೋನು ಬಂತು. "ತಂಗೀ, ನಮ್ಮ ಅಕ್ಕಿ ಡಬ್ಬಿ ನಿನಗ ಹೆಂಗ ಕಾಣಿಸ್ತವಾ?"

"ಎಲ್ಲಾ ಕಾಣಸ್ತತಿ ಯಜ್ಜಾ, ನುಂಗು ಲಗೂನ!" ಎಂದಳು ಐಶ್ವರ್ಯ. ಅವಳಿಗೆ ನಗು ತಡೆಯಲಾಗಲಿಲ್ಲ. ಮೃತ್ಯುಂಜಯ ಓಡಿಬಂದು ವೈರು ಕಿತ್ತ. ಆಮೇಲೆ ಅವಳ ಕೆಲಸವನ್ನೂ ಕಿತ್ತುಕೊಂಡ.

ಉಟ್ಟ ಸೀರೆಯಲ್ಲೇ, ನೆರಿಗೆ ಎತ್ತಿ ಹಿಡಿದು, ಸಂತೆಯ ಮಂದಿಯ ನಡುವೆ ನುಗ್ಗಿ ಅವಳು ಮನೆಗೆ ಓಡಿದಳು. ಶಿವಬಸವ್ವ ಅಂಗೈಯಲ್ಲಿ ಗುಳಿಗೆ ಇಟ್ಟುಕೊಂಡು ಕಪ್ಪಾದ ಟೀವಿಯ ಮುಂದೆ ಕೂತಿದ್ದಳು.

"ನುಂಗ್ರಿ ಅಂದಿ, ಖರೆ. ಉಂಡ ಮ್ಯಾಲೋ, ಉಣ್ಣೂಕಿಂತ ಮೊದ್ಲೋ? ಹೇಳೂದ್ರಾಗ ಬಂದ್ ಆತು ನೋಡು."

"ಉಂಡ ಮ್ಯಾಲೆ, ಆಯಿ."

"ಇಲ್ಲಿ ನಿಂತು ಹೇಳಬ್ಯಾಡ." ಅಜ್ಜಿ ಟೀವಿಯ ಕಡೆ ಕೈ ತೋರಿಸಿದಳು. "ಅಲ್ಲಿ ಹೋಗಿ ಹೇಳು."

ಐಶ್ವರ್ಯ ಬೆವರು ಒರೆಸಿಕೊಂಡಳು. ಟೀವಿಯನ್ನು ಪಕ್ಕಕ್ಕೆ ಸರಿಸಿ, ಆ ಮೇಜಿನ ಹಿಂದೆ ನಿಂತು, ಹಲ್ಲೆಲ್ಲ ಕಾಣುವಂತೆ ನಕ್ಕಳು. "ಪ್ರಿಯ ವೀಕ್ಷಕರೇ, ರೊಟ್ಟಿ ಊಟವಾದ ಮೇಲೆ ಒಂದು ಗುಳಿಗೆ, ಮರೆಯಬೇಡಿ!"

ಶಿವಬಸವ್ವ ರೊಟ್ಟಿ ತಿಂದಳು, ಗುಳಿಗೆ ನುಂಗಿದಳು, ನಾಲಿಗೆ ಹೊರಚಾಚಿ ತೋರಿಸಿಯೂಬಿಟ್ಟಳು. ಐಶ್ವರ್ಯಳಿಗಾದ ಖುಷಿ ಅಷ್ಟಿಷ್ಟಲ್ಲ. ಕೆಲಸ ಹೋದದ್ದು ನೆನಪಿಗೇ ಬರಲಿಲ್ಲ.

"ರಾತ್ರಿಗೆ ಇನ್ನೊಂದ್ ಗುಳಿಗಿ ಐತಿ," ಎಂದಳು ಅಜ್ಜಿ, ಗೋಡೆಗೆ ಆರಾಮಾಗಿ ಒರಗಿ. "ಬ್ಯಾರೆ ಸೀರಿ ಉಟ್ಕೊಂಡು ಬಾ."